ಕಪ್ಪಗಿದ್ದದ್ದೆಲ್ಲ ರಕ್ತವಲ್ಲ

ಎರಡೇ ಬೆರಳು. ನನ್ನ ಕುತ್ತಿಗೆಯ ನಾಡಿಯ ಮೇಲೆ!

"ಇನ್ನೊಂಚೂರು ಒತ್ತಿದ್ರೆ ನಿದ್ದೆ ಬರುತ್ತೆ," ಎಂದ ಗೂಳಿ. ಸ್ಕ್ಯಾನಿಂಗ್ ಸೆಂಟರಿನ ಸೆಕ್ಯೂರಿಟಿಯವನು. ಕುತ್ತಿಗೆ ಇಡುವುದನ್ನು ಮರೆತು ತಲೆಯನ್ನು ನೇರವಾಗಿ ಭುಜದ ಮೇಲೆ ಇಟ್ಟಂಥ ಆಳು.

"ನಾನು ನಿದ್ದೆ ಮಾಡಿ ವಾರ ಆಯ್ತು ಮಾರಾಯ... ಒತ್ತು. ಪುಣ್ಯ ಬರುತ್ತೆ."

ಅವನ ಹಿಂದೆ ಪ್ರೊಫೆಸರ್ ಟೈ ಸರಿಮಾಡಿಕೊಳ್ಳುತ್ತಿದ್ದರು. ಕಾರಿಡಾರಿನ ಆ ತುದಿಯ ಹಾಲ್‌ನಲ್ಲಿ ಅವರು ಕಟ್ಟಿದ, ಸ್ಕ್ಯಾನ್ ಓದಿ ರೋಗ ಹೇಳುವ ಕಂಪ್ಯೂಟರ್ ಮಾಡೆಲ್ ಕೊಳ್ಳಲು ಬಂದ ಆಸ್ಪತ್ರೆಯವರು ಕಾದು ಕುಳಿತಿದ್ದರು. ಅವರೆದುರು ಹಾಸಿಗೆಯ ಮೇಲೆ, ಪ್ರದರ್ಶನದ ಬೊಂಬೆಯಾಗಿ... ನನ್ನ ಅಕ್ಕ!

ಕೇಳಿ. ಅಕ್ಕನ ಬಲಗೈ ಎರಡು ಸಲ ಜೋಮು ಹಿಡಿದು ಲೋಟ ಕೈಬಿಟ್ಟಿತ್ತು. ಒಂದು ಸಲ ನನ್ನ ಹೆಸರೇ ಅವಳ ಬಾಯಿಗೆ ಬರಲಿಲ್ಲ. ಕುತ್ತಿಗೆಯ ರಕ್ತನಾಳದ ಅಲ್ಟ್ರಾಸೌಂಡ್ ತೆಗೆದರು. ಪ್ರೊಫೆಸರ ಮಾಡೆಲ್ ತೀರ್ಪು ಕೊಟ್ಟಿತು: ನಾಳ ಸ್ವಚ್ಛ!

ವಿಮಾ ಕಂಪನಿಗಳಿಗೆ ಸುಳ್ಳುಗಾರರನ್ನು ಹಿಡಿದುಕೊಡುವುದು ನನ್ನ ಕಸುಬು. ಯಾರಾದರೂ ಸ್ವಚ್ಛ ಎಂದರೆ ಮೊದಲು ಮೂಗು ಮುಚ್ಚಿಕೊಳ್ಳುತ್ತೇನೆ. ಡೆಮೋ ನಿಲ್ಲಿಸಿ ಎಂದು ಜಗಳಕ್ಕೆ ಬಂದಿದ್ದೆ, ಗೂಳಿಯ ಕೈಗೆ ಸಿಕ್ಕಿದ್ದೆ.

ಪ್ರೊಫೆಸರ ಪಕ್ಕದಲ್ಲಿದ್ದ ಗಾಲಿ ಮಷಿನ್ ನೋಡಿದೆ. ಒಂದು ಗುಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದ್ದರು.

"ಇದೇನು ಸಾರ್, ಗುಂಡಿಗೂ ಗಾಯವಾ?"

"ಕಲರ್ ಗುಂಡಿ ಅದು. ರಕ್ತ ಹರಿಯೋ ಕಡೆ ಬಣ್ಣ ತೋರಿಸುತ್ತೆ. ನನ್ನ ಮಾಡೆಲ್‌ಗೆ ಬಣ್ಣ ಅಂದ್ರೆ ಕಸ! ಅದು ಬೂದು ಚುಕ್ಕೆಗಳ ಸ್ಟ್ಯಾಟಿಸ್ಟಿಕ್ಸ್ ಓದುತ್ತೆ. ಬಿಳಿ ಚುಕ್ಕೆ ಜಾಸ್ತಿ ಇದ್ರೆ ನಾಳದ ಗೋಡೆಗೆ ಕಟ್ಟಿರೋ ಪ್ಲೇಕ್ ಗಟ್ಟಿ, ಭಯವಿಲ್ಲ. ಕಪ್ಪಾದಷ್ಟೂ ಮೆತ್ತನೆ ಕೊಬ್ಬು... ಅದು ಒಡೆದ್ರೆ ನೇರ ಮಿದುಳಿಗೆ!"

"ಪೂರಾ ಕಪ್ಪಗಿದ್ರೆ?"

"ಅದು ರಕ್ತ ಕಣ್ರೀ! ಚಿತ್ರದಲ್ಲಿ ಎಲ್ಲಕ್ಕಿಂತ ಕಪ್ಪಗಿರೋದನ್ನ ಮಾಡೆಲ್ ರಕ್ತ ಅಂತಲೇ ತಗೊಳ್ಳುತ್ತೆ."

"ಕೊಬ್ಬೇ ಅಷ್ಟು ಕಪ್ಪಗಿದ್ರೆ?"

ಪ್ರೊಫೆಸರ್ ಟೈ ಬಿಟ್ಟು ಮಷಿನಿನ ಹಿಡಿ ಹಿಡಿದರು.

ಅಷ್ಟೊಂದು ಪದವಿ! ಈ ಒಂದು ಪ್ರಶ್ನೆಯನ್ನು ಮಹಾನುಭಾವರು ತಮ್ಮನ್ನು ತಾವೇ ಕೇಳಿಕೊಂಡಿರಲಿಲ್ಲ.

"ಡೆಮೋ ಮುಗಿಯೋವರೆಗೂ ಇವನನ್ನ ಬಿಡಬೇಡ!" ಎಂದವರೇ ಮಷಿನ್ ತಳ್ಳಿಕೊಂಡು ನಡೆದರು. ಪ್ಲಾಸ್ಟರನ್ನು ಇನ್ನೊಮ್ಮೆ ಹೆಬ್ಬೆರಳಿನಿಂದ ಒತ್ತಿಕೊಂಡು!

ಗೂಳಿ ಬೆರಳು ಒತ್ತಿದ; ಕಣ್ಣಿಗೆ ಕತ್ತಲೆ ಕವಿಯತೊಡಗಿತು. ದೇವರನ್ನು ನೆನೆದೆ. ಮೊಣಕೈಯನ್ನು ಗೂಳಿಯ ಹೊಟ್ಟೆಗೆ ಅರ್ಪಿಸಿದೆ.

"ಅಮ್ಮಾ!" ಎಂದವನ ಬೆರಳು ಸಡಿಲಿತು.

ಓಡಿದೆ. ಹಿಂದೆ ಅವನ ಬೂಟು ಧಡ್ ಧಡ್... ಗಾಲಿಕುರ್ಚಿಯೊಂದನ್ನು ಅವನ ಕಾಲಿಗೆ ಒದ್ದೆ. ಗೂಳಿ ಅದರಲ್ಲೇ ಕುಳಿತು ಗೋಡೆಯವರೆಗೆ ಸವಾರಿ ಹೋದ. ಎದ್ದ. ಮತ್ತೆ ಬಂದ. ಹಾಲ್ ಬಾಗಿಲಲ್ಲಿ ನನ್ನ ಕಾಲರ್ ಹಿಡಿದ. ಕಾಲರ್ ಅವನ ಕೈಯಲ್ಲಿ ಉಳಿಯಿತು, ನಾನು ಒಳಗೆ ಬಿದ್ದೆ!

ಮಷಿನಿನ ಪ್ರೋಬ್ ಆಗಲೇ ಅಕ್ಕನ ಕುತ್ತಿಗೆಯ ಮೇಲಿತ್ತು. ಪರದೆಯ ಮೇಲೆ ಹಸಿರು ಅಕ್ಷರ: ಅಪಾಯವಿಲ್ಲ. ಚಪ್ಪಾಳೆ!

"ಏನೋ ಇದು ಅವತಾರ? ಅಂಗಿ ಹರ್ಕೊಂಡು ಬಂದಿದೀಯ! ನಾಲ್ಕು ಜನರ ಮುಂದೆ ಮಾನ ತೆಗೀತೀಯಲ್ಲೋ..."

"ಆಮೇಲೆ ಬೈಯಕ್ಕಾ. ಈಗ ಅಲ್ಲಾಡಬೇಡ!"

ಪ್ಲಾಸ್ಟರ್ ಕಿತ್ತೆ. ಗುಂಡಿ ಒತ್ತಿದೆ.

ಕೆಂಪು ಬಂತು... ದಾರದಷ್ಟು! ಅದರ ಕೆಳಗೆ, ಮಾಡೆಲ್ ರಕ್ತವೆಂದು ಬಗೆದ ಕಡೆಯೆಲ್ಲ, ದಪ್ಪನೆಯ ಕಪ್ಪು. ಅಲ್ಲಿ ಒಂದು ಹನಿಯೂ ಹರಿಯುತ್ತಿರಲಿಲ್ಲ.

ಚಪ್ಪಾಳೆ ನಿಂತಿತು. ಮುಂದಿನ ಸಾಲಿನಲ್ಲಿದ್ದ ಸರ್ಜನ್ ಎದ್ದು ಬಂದು ಪರದೆಗೆ ಕಣ್ಣು ಕೀಲಿಸಿದರು.

"ಇದನ್ನ ಸ್ವಚ್ಛ ಅಂದ್ರಾ ನೀವು?" ಎಂದು ಪ್ರೊಫೆಸರನ್ನು ಕೇಳಿದ ಆಕೆ, ಅಕ್ಕನ ಕಡೆ ತಿರುಗಿದರು. "ಅಮ್ಮಾ, ನೀವು ಮನೆಗೆ ಹೋಗೋ ಹಾಗಿಲ್ಲ. ಇವತ್ತೇ ಆಪರೇಷನ್."

"ಅಯ್ಯೋ, ಸೊಸೆಗೆ ಹೇಳಿ ಬಂದಿಲ್ಲವಲ್ಲ!" ಎಂದಳು ಅಕ್ಕ.

ಪ್ರೊಫೆಸರ್ ನನ್ನತ್ತ ನುಗ್ಗಿದರು. ಟೈ ಬೆನ್ನಿಗೆ ಹೋಗಿತ್ತು.

"ನೂರಕ್ಕೆ ತೊಂಬತ್ತೇಳು ಸಲ ನನ್ನ ಮಾಡೆಲ್ ಸರಿ ಹೇಳುತ್ತೆ! ತೊಂಬತ್ತೇಳು! ನಿಂಗೇನಯ್ಯ ಗೊತ್ತು?"

"ಒಪ್ಪಿದೆ ಸಾರ್," ಎಂದೆ. "ನಂಗೆ ನೂರು ಜನ ಅಕ್ಕಂದಿರಿದ್ದಿದ್ರೆ, ಕರೆದು ಶಾಲು ಹೊದಿಸ್ತಿದ್ದೆ. ಇರೋದು ಒಬ್ಬಳು."