ಮೈಕಿನ ಮುಂದಿನ ಪರದೆ

ಬಹಳ ವರ್ಷಗಳ ಹಿಂದೆ, ಇನ್ನೂ ಗಡ್ಡವೇ ಮೂಡದ ಕಾಲದಲ್ಲಿ, ಗಡ್ಡದವನು ಒಂದು ಮಾತು ಕೊಟ್ಟಿದ್ದ. ತೊಡೆಯ ಮೇಲೆ ಯಾರೋ ಬಳಸಿ ಬಿಟ್ಟ ಗಿಟಾರು, ಎದುರಿಗೆ ಅವನ ಸಂಗೀತ ತಂಡದ ಮೊದಲ ಹಾಡುಗಾತಿ.

"ನಮ್ಮ ಮೊದಲನೇ ಆಲ್ಬಮ್ ಯಾವತ್ತೇ ಬರಲಿ, ಅದರಲ್ಲಿರೋ ಪ್ರತಿ ಹಾಡೂ ನಿನ್ನ ದನಿಯಲ್ಲೇ ಇರುತ್ತೆ. ಬೇರೆ ಯಾರದೂ ಇರಲ್ಲ."

ಅವಳ ಮೈಕಿನ ಮೇಲೆ ಕೈಯಿಟ್ಟು ಹೇಳಿದ ಮಾತು. ಅವಳು ನಕ್ಕು, ಕೈಯಲ್ಲಿದ್ದ ಪರದೆಗೆ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಹಾಡುವಾಗ ಬಾಯಿಯ ಗಾಳಿ ಮೈಕಿಗೆ ಬಡಿಯದಿರಲೆಂದು, ಕಸೂತಿಯ ದುಂಡು ಚೌಕಟ್ಟಿಗೆ ತೆಳುವಾದ ಬಟ್ಟೆ ಬಿಗಿದು ಅವಳೇ ಮಾಡಿಕೊಂಡ ಪರದೆ ಅದು.

ಆಲ್ಬಮ್ ತರಲು ಒಂದು ಕಂಪನಿ ಒಪ್ಪಿಕೊಂಡ ವರ್ಷವೇ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಕಾಯಬೇಕಿತ್ತು. ಯಾರೂ ಕಾಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಇದೊಂದೂ ತಿಳಿಯದೆ ಹೊಸ ಹಾಡುಗಾತಿ ತಂಡದ ನೆಲಮಾಳಿಗೆಯ ಸ್ಟುಡಿಯೋಗೆ ಇಳಿದಳು. ಕಿಟಕಿಯಿಲ್ಲದ ಜಾಗ. ಗೋಡೆಗೆ ಅಂಟಿಸಿದ ಸ್ಪಂಜು ತೇವ ಕುಡಿದು ಹಳಸಿದಂತೆ ನಾರುತ್ತಿತ್ತು. ಕಾದ ಯಂತ್ರಗಳ ಮೇಲೆ ಧೂಳು ಸುಟ್ಟ ವಾಸನೆ. ಬಾಗಿಲು ಮುಚ್ಚಿದರೆ ಸಾಕು, ಹೊರಗೆ ಮಧ್ಯಾಹ್ನವಿದೆ ಎನ್ನುವುದೇ ಮರೆತುಹೋಗುತ್ತಿತ್ತು.

ರೆಕಾರ್ಡಿಸ್ಟ್ ವಯಸ್ಸಾದವನು. ಹೆಡ್‌ಫೋನು ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದ:

"ಒಂದೇ ಒಂದು ವಿಷಯ ಅಮ್ಮಾ. ಹಾಡನ್ನ ಎಷ್ಟು ಸಲ ಬೇಕಾದ್ರೂ ಹಾಡಿ. ಸರಿಹೋಗದಿದ್ರೆ ಅಳಿಸಿ ಮತ್ತೆ ಹಾಡಿ. ಆದ್ರೆ ಒಂದರ ಮೇಲೊಂದು ಕೂರಿಸೋದು ಬೇಡ. ಡಬಲ್ ಮಾತ್ರ ಬೇಡ."

"ಯಾಕಣ್ಣ, ಯಾರಾದ್ರೂ ಮಾಟ ಮಾಡ್ಸಿದ್ದಾರಾ?"

ಅವನು ನಗಲಿಲ್ಲ. "ಹೂಂ."

"ಹತ್ತು ವರ್ಷದಿಂದ ಸೋಪಿಗೆ, ಸೊಳ್ಳೆಬತ್ತಿಗೆ, ಫಿನಾಯಿಲಿಗೆ ಹಾಡ್ಕೊಂಡು ಬಂದಿದೀನಿ ಅಣ್ಣ. ಹೋದ ಸ್ಟುಡಿಯೋದಲ್ಲೆಲ್ಲ ಒಂದೊಂದು ದೆವ್ವ ಇರೋದು. ಹಿಡಿದು ನೋಡಿದ್ರೆ ಸಡಿಲ ಆಗಿರೋ ವೈರು."

"ಇದು ವೈರಲ್ಲ."

ಅವಳು ನಗುತ್ತಲೇ ಗಾಜಿನ ಗೂಡಿನೊಳಗೆ ಹೋಗಿ, ದುಂಡು ಪರದೆಯಿದ್ದ ಮೈಕಿನ ಮುಂದೆ ನಿಂತಳು. ಹತ್ತು ವರ್ಷ ಜಾಹೀರಾತಿಗೆ ಹಾಡಿದವಳ ಹೆಸರನ್ನು ಒಬ್ಬರೂ ಕೇಳಿರಲಿಲ್ಲ. ಈ ಆಲ್ಬಮ್ಮಿನ ಹೊದಿಕೆಯ ಮೇಲೆ ಅವಳ ಹೆಸರು ಬರುತ್ತದೆ. ಆಮೇಲೆ ಬೆಳಕು ಹರಿಯುವ ಮೊದಲೇ ಮಗಳನ್ನು ತಾಯಿಯ ಮನೆಯಲ್ಲಿ ಬಿಟ್ಟು ಊರೆಲ್ಲ ಓಡಾಡುವುದು ತಪ್ಪುತ್ತದೆ.

ಮಗಳನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಮಧ್ಯಾಹ್ನ ಶಾಲೆಯಿಂದ ಬಂದು ಉಂಡ ಮೇಲೆ ಅವಳಿಗೆ ಫೋನಿನಲ್ಲಿ ಅಮ್ಮನ ಹಾಡು ಬೇಕೇ ಬೇಕು. ಮನೆಯ ಸಾಮಾನನ್ನೆಲ್ಲ ಒಂದೊಂದಾಗಿ ಮಲಗಿಸುವ ಹಾಡು. ಕುರ್ಚಿ ಮಲಗಿತು, ಮೇಜು ಮಲಗಿತು, ಚಪ್ಪಲಿ ಮಲಗಿತು ಬಾಗಿಲಲಿ. ನಡುನಡುವೆ ಗುಬ್ಬಿಯೂ ದನಿಗೂಡಿಸುತ್ತಿದ್ದಳು.

"ಪೊರಕೆ ಮಲಗಿಲ್ಲ ಅಮ್ಮ."

"ಅದಕ್ಕೆ ಕೆಲಸ ಜಾಸ್ತಿ. ಕೊನೇಗೆ ಮಲಗುತ್ತೆ."

"ಅಜ್ಜಿ ಥರ."

"ಅಜ್ಜಿಗೆ ಕೇಳಿಸ್ತು ಕಣೇ," ಎಂದು ಹಿಂದಿನಿಂದ ಅಜ್ಜಿಯ ದನಿ. ಹಾಡಿನ ಕಡೆಯ ಸಾಲು ಯಾವತ್ತೂ ಒಂದೇ: ಗುಬ್ಬಿ ಮಲಗಿತು.

ಮೊದಲ ಹಾಡಿಗೇ ತೊಡಕು ಬಂತು. ಗಡ್ಡದವನು ತಲೆಯಾಡಿಸಿದ. "ಶ್ರುತಿ ಸರಿ ಇದೆ. ಆದ್ರೆ ದನಿ ಕಾಗದದ ಹಾಗೆ ತೆಳ್ಳಗಿದೆ. ಇಷ್ಟು ಗಿಟಾರಿನ ಮಧ್ಯೆ ಕೇಳಿಸೋದೇ ಇಲ್ಲ."

ಅವಳು ಹೆಡ್‌ಫೋನು ತೆಗೆದಳು. ಇಷ್ಟು ಹತ್ತಿರ ಬಂದು ಈ ಅವಕಾಶವೂ ಕೈತಪ್ಪುವುದೇ? "ಅದಕ್ಕೇನಂತೆ, ಅದನ್ನೇ ಇನ್ನೊಂದು ಸಲ ಹಾಡ್ತೀನಿ. ಎರಡನ್ನೂ ಸೇರಿಸಿ. ದಪ್ಪ ಆಗುತ್ತೆ."

ರೆಕಾರ್ಡಿಸ್ಟ್ ಗಡ್ಡದವನ ಮುಖ ನೋಡಿದ. ಗಡ್ಡದವನು ಗಿಟಾರಿನ ತಂತಿ ನೋಡುತ್ತಿದ್ದ. ಡ್ರಮ್ಮು ಬಾರಿಸುವವನು ಇಡೀ ದಿನ ಸದ್ದು ಮಾಡಿದರೂ ಬಾಯಿ ಬಿಡುವವನಲ್ಲ. ಹಾಗಾಗಿ ಅವನಿಗೆ ಮೌನಿ ಎಂದೇ ಹೆಸರು. ಆತ ಕೋಲುಗಳನ್ನು ಕೆಳಗಿಟ್ಟು ಹೊರಗೆ ನಡೆದ.

"ಮಾಡಿ," ಎಂದ ಗಡ್ಡದವನು.

ಅವಳು ಹಾಡಿದಳು. ಗೂಡಿನೊಳಗೆ ಇದ್ದಕ್ಕಿದ್ದಂತೆ ಪುದೀನದ ಗಂಟಲು ಮಾತ್ರೆಯ ಘಾಟು. ಅದರಡಿಯಲ್ಲಿ ಕೂದಲು ಸೀದ ವಾಸನೆ. ಪರದೆಯ ಆಚೆಯಿಂದ ಯಾರೋ ಉಸಿರು ಬಿಟ್ಟಂತೆ ತುಟಿಗೆ ತಣ್ಣಗೆ ತಾಗಿತು.

ಕೇಳಿಸಿಕೊಂಡಾಗ ಎರಡು ದನಿಗಳಿದ್ದವು. ಒಂದು ಅವಳದು. ಇನ್ನೊಂದು ಆಳವಾದದ್ದು. ಪ್ರತಿ ಸಾಲಿಗೂ ಮೊದಲು ಅದು ನೋವಿನಿಂದ ಎಂಜಲು ನುಂಗುತ್ತಿತ್ತು. ಅವಳು ಹಾಗೆ ನುಂಗಿರಲಿಲ್ಲ.

"ನನಗೆ ನೆಗಡಿ ಇರಬೇಕು," ಎಂದಳು. ಹಾಡು ಮಾತ್ರ ಮೈನವಿರೇಳಿಸುವಂತೆ ಬಂದಿತ್ತು. ಗಡ್ಡದವನು ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಮರುದಿನ ಸ್ನಾನ ಮಾಡುತ್ತ ಅದೇ ಹಾಡನ್ನು ಗುನುಗಲು ನೋಡಿದಳು. ಪದ ನೆನಪಿತ್ತು. ರಾಗ ಬಾಯಿಗೆ ಬರಲಿಲ್ಲ. ಹಲಗೆಯ ಮೇಲಿನ ಅಕ್ಷರ ಒರೆಸಿದ ಹಾಗೆ. ದಣಿವು ಎಂದುಕೊಂಡಳು. ಎರಡನೆಯ ಹಾಡೂ ಡಬಲ್ ಆಯಿತು, ಅದೂ ಬಾಯಿಂದ ಹೋಯಿತು. ಮೂರನೆಯದೂ ಹೋಯಿತು, ಆಮೇಲಿನವೂ ಹೋದವು. ಮಾತಾಡುವ ದನಿಗೂ ತುಕ್ಕು ಹಿಡಿಯಿತು. ಆದರೂ ನಿಲ್ಲಿಸಲಿಲ್ಲ. ಹಾಡುಗಳು ಅಷ್ಟು ಚೆನ್ನಾಗಿ ಬರುತ್ತಿದ್ದವು. ಇನ್ನೊಂದೇ ಒಂದು ಹಾಡು ಬಾಕಿ, ಆಮೇಲೆ ಗಂಟಲಿಗೆ ಬೇಕಾದಷ್ಟು ವಿಶ್ರಾಂತಿ.

ಆ ಮಧ್ಯಾಹ್ನ ಉಳಿದವರು ಊಟ ಮುಗಿಸುತ್ತಿದ್ದಾಗ ಅವಳು ಗೂಡಿನೊಳಗಿಂದಲೇ ಮಗಳಿಗೆ ಫೋನು ಮಾಡಿದಳು. ಸ್ಪೀಕರ್ ಹಾಕಿ, ಗಂಟಲು ಒಡೆದಿದ್ದರಿಂದ ಮೆಲ್ಲಗೆ ಹಾಡಿದಳು. ಕುರ್ಚಿ ಮಲಗಿತು, ಮೇಜು ಮಲಗಿತು. ಗುಬ್ಬಿ ತಾನೂ ಸೇರಿಕೊಂಡಳು. ಗುಬ್ಬಿ ಮಲಗಿತು ಎನ್ನುವಲ್ಲಿಗೆ ಅಮ್ಮ ಮಗಳ ದನಿ ಒಂದಾಯಿತು. ಫೋನಿಟ್ಟು ತಲೆಯೆತ್ತಿದಳು.

ಗಾಜಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಮೈಕು ತೆರೆದೇ ಇತ್ತು.

"ಕೊನೇ ಹಾಡು ಸಿಕ್ತು. ಇದಕ್ಕೆ ಗಿಟಾರೂ ಬೇಡ, ಏನೂ ಬೇಡ," ಎಂದ ಗಡ್ಡದವನು. ಯಂತ್ರ ಚಾಲೂ ಮಾಡಿದವನು ಅವನೇ.

"ಅಳಿಸಿ ಅದನ್ನ."

"ಒಂದ್ಸಲ ಕೇಳು."

ಕೇಳಿದರು. ಅವಳ ದನಿ. ಅದರ ಮೇಲೆ ಮಗುವಿನ ದನಿ. ನಡುವೆ, ಮೆಲ್ಲಗೆ, ಎಂಜಲು ನುಂಗಿದ ಸದ್ದು. ಕೇಳುತ್ತಿದ್ದ ಹಾಗೆಯೇ ಮಗುವಿನ ದನಿ ತೆಳ್ಳಗಾಯಿತು. ದೂರ ಹೋಯಿತು. ಆ ಜಾಗದಲ್ಲಿ ಆಳದ ದನಿ ಬಂದು ಕೂತಿತು.

ಫೋನು ಬಡಿದುಕೊಂಡಿತು. ಅವಳ ತಾಯಿ.

"ಗುಬ್ಬಿ ಮಾತಾಡ್ತಿಲ್ಲ ಕಣೇ. ಬಾಯಿ ತೆಗೀತಾಳೆ, ಬರೀ ಗಾಳಿ ಬರುತ್ತೆ. ಅಳ್ತಿದಾಳೆ, ಸದ್ದೇ ಇಲ್ಲ. ನೀನು ಬೇಗ ಬಾ."

ಅವಳು ರೆಕಾರ್ಡಿಸ್ಟಿನ ತೋಳು ಹಿಡಿದಳು. "ಅಳಿಸಣ್ಣ."

"ಡಬಲ್ ಆದದ್ದನ್ನ ಅಳಿಸಬಾರದು ಅಮ್ಮಾ. ನಿಮಗಿಂತ ಮುಂಚೆ ಒಬ್ಬ ಹುಡುಗ ಇದ್ದ. ಹೆದರಿ ಅವನ ಡಬಲ್ ಹಾಡನ್ನ ಅಳಿಸಿದ್ವಿ, ಆಲ್ಬಮ್ಮೂ ಅಲ್ಲಿಗೇ ನಿಂತಿತು. ಇವತ್ತಿಗೂ ಏನು ಬೇಕಿದ್ರೂ ಬರೆದು ತೋರಿಸ್ತಾನೆ."

ಆಮೇಲೆ ಅವನು ಪರದೆಯನ್ನು ದೀಪಕ್ಕೆ ಹಿಡಿದು ತೋರಿಸಿದ. ಅಂಚಿನ ಹೊಲಿಗೆ ದಾರದ್ದಲ್ಲ, ಉದ್ದನೆಯ ಕೂದಲಿನದು. "ಮೊದಲು ಹಾಡ್ತಿದ್ದವಳನ್ನ ತಂಡದಿಂದ ಕೈಬಿಟ್ಟ ದಿನ ನನ್ನ ಹತ್ರ ಸ್ಟುಡಿಯೋ ಬೀಗದ ಕೈ ಇಸ್ಕೊಂಡ್ಲು. ಜೊತೆಗೆ ಮಾಟದವನೊಬ್ಬ ಇದ್ದ. ಹಳೇ ದಾರ ಬಿಚ್ಚಿ, ಅವಳ ತಲೆಯಿಂದಲೇ ಕೂದಲು ಕಿತ್ತು ಕಿತ್ತು ಹೊಲಿದ. ಅವಳ ನಾಲಿಗೆ ಕುಯ್ದು ರಕ್ತವನ್ನ ಬಟ್ಟೆಗೆ ಒರೆಸಿದ. ಅವತ್ತಿನಿಂದ ಅವಳು ಮಾತಾಡಲಿಲ್ಲ. ವರ್ಷ ತುಂಬೋದ್ರೊಳಗೆ ಹೋಗಿಬಿಟ್ಲು. ಇದನ್ನ ಎರಡು ಸಲ ಸುಟ್ವಿ. ಬೆಳಿಗ್ಗೆ ಮೈಕಿನ ಮುಂದೆ ಹಾಗೇ ಇರುತ್ತೆ."

"ಅವಳಿಗೇನು ಬೇಕು?"

ಗಡ್ಡದವನು ಗೋಡೆಗೆ ಒರಗಿ ಕುಸಿದಿದ್ದ. "ನಾನು ಕೊಟ್ಟ ಮಾತು ಬೇಕು," ಎಂದು, ಕೊಟ್ಟ ಮಾತೇನೆಂದು ಹೇಳಿದ.

ಅವಳು ಅವನೆದುರು ಹೋಗಿ ನಿಂತಳು. "ನೀವು ಕೊಟ್ಟಿದ್ದಕ್ಕೆ ನನ್ನ ಮಗು ಕೊಡಬೇಕಾ?"

ಅವಳು ಗೂಡಿನೊಳಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಪರದೆಗೆ ತುಟಿ ತಾಗಿಸಿ, ಉಳಿದಿದ್ದ ಒಡಕು ದನಿಯಲ್ಲಿ ಹೇಳಿದಳು:

"ಅಕ್ಕಾ. ನಿನಗೆ ಕೊಟ್ಟ ಮಾತು ನಾನು ನಡೆಸಿಕೊಡ್ತೀನಿ. ನನ್ನ ಗಂಟಲು ಪೂರ್ತಿ ತಗೋ. ಅದು ಕೂಸು, ಅದನ್ನ ಬಿಟ್ಟುಬಿಡು."

ದೀಪ ಆರಿತು.

ಹೆಡ್‌ಫೋನಿನಲ್ಲಿ ಹಾಡು ಶುರುವಾಯಿತು. ಕಿವಿಯ ಹತ್ತಿರವೇ ಉಸಿರು. ಅವಳು ಹಾಡಿದಳು. ಕುರ್ಚಿ ಮಲಗಿತು. ಗಂಟಲೊಳಗೆ ಸೂಜಿ ಆಡಿತು. ಮೇಜು ಮಲಗಿತು. ಒದ್ದೆ ಕೂದಲು ತುಟಿಗೆ ಅಂಟಿತು. ನಾಲಿಗೆಗೆ ಸುತ್ತಿಕೊಂಡಿತು. ಚಪ್ಪಲಿ ಮಲಗಿತು. ಪ್ರತಿ ಸಾಲಿಗೂ ಏನೋ ಎಳೆದುಕೊಂಡು ಹೋಗುತ್ತಿತ್ತು. ಬೇರು ಕಿತ್ತ ಹಾಗೆ. ಅವಳು ನಿಲ್ಲಿಸಲಿಲ್ಲ. ಪೊರಕೆ ಮಲಗಿತು. ಬಾಯಿತುಂಬ ರಕ್ತದ ರುಚಿ. ಕಡೆಯ ಸಾಲು ಬಂತು. ಕತ್ತಲು ಕಾಯುತ್ತಿತ್ತು. ಎಂಜಲು ನುಂಗಿದ ಸದ್ದು. ಗುಬ್ಬಿಯ ಹೆಸರಿಗಾಗಿ ಕಾಯುತ್ತಿತ್ತು.

ಅವಳು ಆ ಹೆಸರು ಹೇಳಲಿಲ್ಲ.

ಅಮ್ಮ ಮಲಗಿತು, ಎಂದು ಹಾಡಿದಳು.

ದೀಪ ಬಂತು. ಮೈಕಿನ ಮುಂದೆ ಬರಿಯ ಚೌಕಟ್ಟು ಇತ್ತು. ಬಟ್ಟೆಯಿಲ್ಲ, ಕೂದಲಿಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿ ಕಿವಿಗಿಟ್ಟಳು.

"ಅಮ್ಮಾ, ಅಜ್ಜಿ ಬಿಸ್ಕತ್ತು ಕೊಡ್ತಿಲ್ಲ. ಇನ್ನೊಂದು ಕೊಡು ಅಂತ ಹೇಳು."

ಅವಳು ಬಾಯಿ ತೆರೆದಳು. ಗಾಳಿ ಬಂತು.

"ಅಮ್ಮಾ? ಕೇಳಿಸ್ತಿದ್ಯಾ? ಹೇಳು ಅಮ್ಮ."

ಆಲ್ಬಮ್ ಹೊರಬಂತು. ಹೊದಿಕೆಯ ಮೇಲೆ ಅವಳ ಹೆಸರಿದೆ. ಇಂಥ ದನಿ ಕೇಳಿ ಎಷ್ಟು ಕಾಲವಾಯಿತು ಎಂದು ಜನ ಹೇಳುತ್ತಾರೆ. ಹಾಡಲು ಕರೆ ಬರುತ್ತದೆ. ಅವಳ ತಾಯಿ ಫೋನೆತ್ತಿ, "ಅವಳಿಗೆ ಹುಷಾರಿಲ್ಲ," ಎಂದು ಇಡುತ್ತಾಳೆ. ಗುಬ್ಬಿ ಕೊನೆಯ ಹಾಡನ್ನು ಒಮ್ಮೆ ಕೇಳಿದಳು. ಅರ್ಧಕ್ಕೇ ಅಮ್ಮನ ಸೆರಗು ಜಗ್ಗಿ, "ಇವರು ಯಾರಮ್ಮ?" ಎಂದಳು. ಮಲಗುವ ಹೊತ್ತಿಗೆ ಈಗ ಅವಳೇ ಅಮ್ಮನಿಗೆ ಹಾಡುತ್ತಾಳೆ. ಕುರ್ಚಿ, ಮೇಜು, ಚಪ್ಪಲಿ, ಪೊರಕೆ.

ಆಲ್ಬಮ್ಮಿನ ಪ್ರತಿ ಹಾಡೂ ಮೊದಲ ಹಾಡುಗಾತಿಯ ದನಿಯಲ್ಲೇ ಇದೆ. ಬೇರೆ ಯಾರದೂ ಇಲ್ಲ. ಗಡ್ಡದವನು ಕೊಟ್ಟ ಮಾತು ನಡೆಯಿತು.