ಟೈಪ್ ಮಾಡದೆ ಬಿಟ್ಟ ಪ್ಯಾರಾ

"ಏನ್ರೀ ಕುಮಾರಿ ಇದು? ನಮ್ಮಪ್ಪನ ವಿಷ್ಯನೇ ಬುಟ್ಬುಟ್ಟಿದ್ದೀರಲ್ಲ!"

ಮಲ್ಲಿಕಾರ್ಜುನಸ್ವಾಮಿ ಹಾಳೆಗಳನ್ನು ಟೈಪ್‌ರೈಟರ್ ಪಕ್ಕ ಇಟ್ಟ. ಗುಂಡ್ಲುಪೇಟೆಯ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟಕಟಕ ಸದ್ದು ನಿಂತಿತು. ಕುಮಾರಿ ತಲೆ ಎತ್ತಲಿಲ್ಲ. ಹೇಗೆ ಎತ್ತಿಯಾಳು, ಪಾಪ!

ಅರಣ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ಅವನು ಎಂ.ಎಸ್ಸಿ.ಗೆಂದು ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದ. ಕಾಡಿನ ಬಗ್ಗೆ ಓದಲು ಅಷ್ಟು ದೂರ ಏಕೆ ಬರಬೇಕೆಂದಿದ್ದೀರಿ ಎಂದು ಅಲ್ಲಿನವರು ಕೇಳಿದ್ದರು. ಉತ್ತರ ಟೈಪ್ ಮಾಡಿಸಲು ಮೂರು ವಾರದಿಂದ ಬರುತ್ತಿದ್ದ. ತಿದ್ದಲು ಏನೂ ಇಲ್ಲದಿದ್ದಾಗಲೂ ಬರುತ್ತಿದ್ದ, ಬಿಡಿ! ಆ ಹೊತ್ತಿಗೆ ಕುಮಾರಿಯೂ ಹೂ ಮುಡಿದು ಕೂತಿರುತ್ತಿದ್ದಳು.

ನಿನ್ನೆ ಅವನು ಒಂದು ಪ್ಯಾರಾ ಸೇರಿಸಿದ್ದ. ತೊಂಬತ್ತೆರಡರ ಬೇಸಿಗೆಯಲ್ಲಿ ಯಾರೋ ಕಾಡಿಗೆ ಬೆಂಕಿ ಹಚ್ಚಿದರು, ಆರಿಸಲು ಹೋದ ಅರಣ್ಯ ಇಲಾಖೆಯ ವಾಚರ್ ಮೂಗಯ್ಯ, ನನ್ನ ತಂದೆ, ಬಲಗೈ ಸುಟ್ಟುಕೊಂಡರು, ಹಾಗೆ ಬೆಂಕಿ ಹಚ್ಚುವವರನ್ನು ತಡೆಯುವುದನ್ನು ಕಲಿಯಬೇಕು ಎಂದು.

'ಆ ಯಾರೋ ನಾನೇ... ಹೇಳಿದರೆ ಇವರು ಮತ್ತೆ ಈ ಮೆಟ್ಟಿಲು ಹತ್ತುತ್ತಾರಾ? ಹೇಳದೆ ಇವರ ಮುಖ ಹೇಗೆ ನೋಡಲಿ?'

"ನಾನೇ ಕಣ್ರೀ ಹಚ್ಚಿದ್ದು..."

"ಏನಂದ್ರಿ?"

"ದನಕ್ಕೆ ಹೊಸ ಹುಲ್ಲು ಚಿಗುರ್ಲಿ ಅಂತ. ನಮ್ಮಜ್ಜಿ ಮಂಚಮ್ಮ ಶಿವರಾತ್ರಿಗೆ ಮುಂಚೆ, ಇಬ್ಬನಿ ಇರೋವಾಗ್ಲೇ ಹಚ್ಚೋದು. ಹುಲ್ಲಷ್ಟೇ ಉರಿಯೋದು. ನಾನು ಹದ್ನಾರ್ ವರ್ಷದೋಳು, ಹಬ್ಬ ಕಳೆದ್ಮೇಲೆ ಹಚ್ಬುಟ್ಟೆ. ಗಾಳಿಗೆ ಎದ್ಬುಡ್ತು... ಮನೆಗೆ ಓಡ್ಬಂದು ಕದ ಹಾಕ್ಕೊಂಡೆ. ಯಾರ್ಗೂ ಹೇಳ್ನಿಲ್ಲ."

ನಾಚಿಕೆಯಿಂದ ಅವಳ ಕಿವಿಯವರೆಗೂ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಹಾಳೆಗಳನ್ನು ಅಲ್ಲೇ ಬಿಟ್ಟು ಹೊರಟುಹೋದ. ಕುಮಾರಿ ಹೊಸ ಹಾಳೆ ಏರಿಸಿ ಆ ಪ್ಯಾರಾವನ್ನು ಒಂದಕ್ಷರವೂ ಬಿಡದೆ ಟೈಪ್ ಮಾಡಿದಳು. ಕಣ್ಣು ತುಂಬಿ ಕೀಲಿಗಳೇ ಕಾಣುತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಅವನು ವಾಪಸ್ ಬಂದ.

"ಕೊನೇ ಸಾಲು ಹೊಡ್ದಾಕಿ. ಕೆನಡಾದಲ್ಲಿ ಹದ ನೋಡಿ ಬೆಂಕಿ ಹಚ್ಚೋದ್ನೂ ಕಲಿಸ್ತಾರೆ. ನಿಮ್ಮಜ್ಜಿಗೆ ಗೊತ್ತಿದ್ದುದ್ನ ನಾನು ಹೇಳುದ್ರೆ ಇಲ್ಲಿ ಫಾರೆಸ್ಟ್ ಸಾಹೇಬ್ರು ಯಾರೂ ಕೇಳಲ್ಲ. ಫಾರಿನ್ ಡಿಗ್ರಿ ಇದ್ರೆ ಕೇಳ್ತಾರೆ. ಅದಕ್ಕೇ ಓಯ್ತೀನಿ ಅಂತ ಬರೀರಿ."

"ನನ್ ಮೇಲೆ ಕೋಪ ಇಲ್ವಾ?"

"ಐತೆ. ನಮ್ಮಪ್ಪ ಎಡಗೈಲಿ ಉಣ್ಣೋದ್ನ ದಿನಾ ನೋಡೋನು ನಾನು."

ಅವಳು ಕುಗ್ಗಿಹೋದಳು.

"ಅಪ್ಪನ ಮುಂದೆ ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ."

"ಬತ್ತೀನಿ..."

"ಕುಮಾರಿ, ಎರಡು ವರ್ಷ ಕಾಯ್ತೀರಾ ನನ್ಗೆ?"

"ಮೊದ್ಲು ನಿಮ್ಮಪ್ಪ ಕ್ಷಮಿಸ್ಲಿ. ಆಮೇಲೆ ಕೇಳಿ."

"ಕ್ಷಮಿಸ್ನಿಲ್ಲ ಅಂದ್ರೆ?"

ಕುಮಾರಿ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು.

"ಆಗ್ಲೂ... ಕೇಳಿ."