ಆರು ಅಂಕ ಹೆಚ್ಚು

‘ಅರ್ಧಮಿಲ್ಲಿ’ಯ ಲೆಕ್ಕದಲ್ಲಿ ತಪ್ಪಿದೆ ಎಂದರೆ ಆ ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನಕ್ಷೆಯಲ್ಲಿ ಗೆರೆ ಅರ್ಧ ಮಿಲಿಮೀಟರ್ ಸರಿದರೂ ಊಟ ಬಿಟ್ಟು ತಿದ್ದುತ್ತ ಕೂರುವವನೆಂದು ಅವನಿಗೆ ಆ ಹೆಸರು. ಇಟ್ಟವಳು ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ.

ಆಫೀಸು ಅವಳ ಸೋದರಮಾವನದು. ಕಟ್ಟಡ, ಸೇತುವೆಗಳ ನಕ್ಷೆ ತಯಾರಿಸುವ ಮೂರು ಕೋಣೆಗಳು. ಹನ್ನೆರಡನೇ ತರಗತಿ ಮುಗಿಸಿ ಇಬ್ಬರೂ ರಜೆಯಲ್ಲಿ ಕೆಲಸ ಕಲಿಯಲು ಸೇರಿದ್ದರು. ಮಾವನದು ಒಂದೇ ಕಟ್ಟಪ್ಪಣೆ: ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ಮೊದಲಿನಿಂದ ಹಾಕಿ ನೋಡಿ ಸಹಿ ಮಾಡಬೇಕು. ಹಾಗಾಗಿ ಮೂರು ತಿಂಗಳು ಅವಳು ಅವನ ಲೆಕ್ಕ ನೋಡಿದಳು. ಲೆಕ್ಕಕ್ಕಿಂತ ಲೆಕ್ಕ ಹಾಕುವವನನ್ನೇ ಹೆಚ್ಚು ನೋಡಿದಳು ಎಂದರೂ ಸುಳ್ಳಲ್ಲ.

ಎಂಜಿನಿಯರಿಂಗಿಗೆ ಇಬ್ಬರಿಗೂ ಎರಡು ದೊಡ್ಡ ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಬಂದರು ಊರಿನದು, ಇನ್ನೊಂದು ಬೆಟ್ಟದ ಮೇಲಿನದು. ಹಡಗಿನ ಹುಚ್ಚಿನ ಅವಳು ನಿನ್ನೆಯೇ ಬಂದರಿನದನ್ನು ಆರಿಸಿಕೊಂಡಿದ್ದಳು. ಅವನಿಗೆ ಇಂದು ಸಂಜೆ ಐದರವರೆಗೆ ಗಡುವು.

ನಾಲ್ಕೂವರೆಗೆ ಅವನು ಒಂದು ಹಾಳೆಯನ್ನು ಅವಳ ಮೇಜಿಗೆ ಸರಿಸಿದ. ಲ್ಯಾಬ್, ಮೇಷ್ಟ್ರುಗಳು, ಹಾಸ್ಟೆಲ್ ಎಂದು ಹನ್ನೊಂದು ಸಾಲು. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ. ಬೆಟ್ಟಕ್ಕೆ ಎಪ್ಪತ್ತೊಂದು, ಬಂದರಿಗೆ ಎಪ್ಪತ್ತನಾಲ್ಕು.

"ಒಂದು ಸಹಿ ಹಾಕು," ಎಂದ, ಕಿಟಕಿಯ ಕಡೆ ನೋಡುತ್ತ.

ನಾಲ್ಕು ವರ್ಷ ಒಂದೇ ಕ್ಯಾಂಪಸ್! ಖುಷಿಯಲ್ಲೇ ಕೂಡಿದಳು. ಬಂದರಿಗೆ ಅರವತ್ತೆಂಟು ಬಂತು. ಮತ್ತೆ ಕೂಡಿದಳು. ಕೆಳಗಿನಿಂದ ಮೇಲಕ್ಕೆ ಕೂಡಿದಳು. ಅರವತ್ತೆಂಟೇ.

"ಜ್ವರ ಏನಾದ್ರೂ ಬಂದಿದ್ಯಾ ನಿಂಗೆ?"

"ಇಲ್ವಲ್ಲ."

"ಮತ್ತೆ ಆರು ಅಂಕ ಎಲ್ಲಿಂದ ಬಂತು?"

ಅವನ ಕಿವಿ ಕೆಂಪಾಯಿತು. ಕುತೂಹಲ ಕೆರಳಿದರೆ ಅವಳು ಸುಮ್ಮನೆ ಬಿಡುವ ಪೈಕಿಯವಳಲ್ಲ. ಕುರ್ಚಿ ಎಳೆದುಕೊಂಡು ಅವನೆದುರಿಗೇ ಬಂದು ಕುಳಿತಳು. ಅವನು ತಲೆ ತಗ್ಗಿಸಿದ. ರೆಪ್ಪೆಯೆತ್ತಿ ಒಮ್ಮೆ ನೋಡಿ ಮತ್ತೆ ತಗ್ಗಿಸಿದ.

"ಹನ್ನೆರಡನೇ ಸಾಲು ಒಂದಿದೆ. ಬರೀಲಿಲ್ಲ."

"ಏನದು?"

"ನೀನು."

ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಗರಗರ ಎನ್ನುತ್ತಿತ್ತು. ಅವಳಿಗೆ ನಗುವೂ ಬಂತು, ಅಳುವೂ ಬಂತು. ಮೊದಲು ಬಾಯಿಗೆ ಬಂದದ್ದು ಜಗಳ.

"ಹತ್ತಕ್ಕೆ ಬರೀ ಆರಾ ನಾನು?"

"ಹತ್ತು ಕೊಟ್ಟಿದ್ರೆ ಕೂಡೋ ಮುಂಚೇನೇ ನಿಂಗೆ ಅನುಮಾನ ಬರ್ತಿತ್ತು."

ಅವಳು ಪೆನ್ನು ತೆಗೆದಳು. ಸಹಿ ಮಾಡಿದರೆ ಇವನು ತನ್ನ ಜೊತೆ ಬರುತ್ತಾನೆ. ಆದರೆ ಸೇತುವೆಯ ಮಾದರಿಗಳ ಮೇಲೆ ಬಿರುಗಾಳಿ ಬಿಟ್ಟು ಪರೀಕ್ಷಿಸುವ ದೊಡ್ಡ ಸುರಂಗ ಇರುವುದು ಬೆಟ್ಟದಲ್ಲಿ. ಮೂರು ತಿಂಗಳು ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಇವನು ಅದರ ಮಾತೇ ಆಡಿದ್ದ. ಅವಳಿಗೆ ಬೇಕಾದದ್ದು ಆ ಕಣ್ಣರಳಿಸುವ ಹುಡುಗ. ಬಂದರಿನಲ್ಲಿ ತನ್ನ ಹಿಂದೆ ಮುಂದೆ ಸುತ್ತುತ್ತ, ಆ ಸುರಂಗದ ಸುದ್ದಿಯನ್ನೇ ಎತ್ತದ ಹುಡುಗನಲ್ಲ.

ಎಪ್ಪತ್ತನಾಲ್ಕನ್ನು ಹೊಡೆದುಹಾಕಿ ಅರವತ್ತೆಂಟು ಎಂದು ಬರೆದಳು. ಕೆಳಗೆ ಸಹಿ ಮಾಡಿದಳು.

"ನಂಗೂ ನೀನಂದ್ರೆ ಇಷ್ಟ," ಎಂದಳು. "ತುಂಬಾ. ಅದಕ್ಕೇ ತಿದ್ದಿದ್ದು. ಈಗ ಬೆಟ್ಟ ಒತ್ತು."

ಅವನು ಕಂಪ್ಯೂಟರಿನತ್ತ ತಿರುಗಿ ಬೆಟ್ಟದ ಯೂನಿವರ್ಸಿಟಿಯನ್ನು ಒತ್ತಿದ. ಗಡುವಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಮೂಗೊರೆಸಿಕೊಂಡಳು.

"ಅಲ್ಲಿಂದ ಬಂದರಿಗೆ ಎಷ್ಟು ದೂರ ಇರಬಹುದು?"

"ರೈಲಲ್ಲಿ ಏಳು ಗಂಟೆ. ಶುಕ್ರವಾರ ಮಧ್ಯಾಹ್ನ ಒಂದಿದೆ, ಭಾನುವಾರ ವಾಪಸ್ ಬರೋಕೆ ಇನ್ನೊಂದಿದೆ."

"ಆಗ್ಲೇ ನೋಡಿಟ್ಟಿದ್ಯಾ?"

"ನೀನು ತಿದ್ದೇ ತಿದ್ತೀಯ ಅಂತ ಗೊತ್ತಿತ್ತು."

"ತಿದ್ದದೇ ಇದ್ದಿದ್ರೆ?"

"ಕುಣ್ಕೊಂಡು ಬಂದುಬಿಡ್ತಿದ್ದೆ," ಎಂದ. ಮೊದಲ ಸಲ ಕಣ್ಣು ತಗ್ಗಿಸದೆ ಅವಳನ್ನೇ ನೋಡಿದ. "ಇಷ್ಟ ಅಂತ ಬಾಯಲ್ಲಿ ಹೇಳೋಕೆ ಧೈರ್ಯ ಇರ್ಲಿಲ್ಲ, ಅದಕ್ಕೇ ಲೆಕ್ಕದಲ್ಲಿ ಹೇಳ್ದೆ. ನೀನು ಎರಡೆರಡು ಸಲ ಓದೋದು ನನ್ನ ಲೆಕ್ಕ ಒಂದೇ ಅಲ್ವಾ?"